ಬ್ಯಾಟಿ ನಮ್ಮ ರಕ್ತದಾಗ ಅದ ಅಂತೀರಲ್ಲ, ಬರ್ರಿ ಲೆಕ್ಕ ನೋಡೋಣು

ಭಾಗ 1/9
(ಫೋಟೋ: ಶಹಾಪುರದ ಬೆಟ್ಟ, ಸಂಜೆ. ಎಲ್ಲರೂ ತೆಗೆಯೋ ಅದೇ 'ಮಲಗಿದ ಬುದ್ಧ'.)

ಸೆಮಿಸ್ಟರ್ ಪರೀಕ್ಷೆ ಮುಗಿದ ರಾತ್ರಿ ನಮ್ಮ ಕ್ಲಾಸ್ ಗ್ರೂಪಿಗೆ ಒಂದು ಮೆಸೇಜ್ ಬಂತು. "ಮೊಲ ಸಿಗ್ತಾವ. ಮೊದಲೇ ಹೇಳಿದ್ರ ಚಿಗರಿ ಖಂಡನೂ ಸಿಗ್ತದ. ರವಿವಾರ ಹೊಲದಾಗ ಮಸಾಲಿ ಹಚ್ಚಿ ಸುಡೋಣು. ತಲಿಗೆ 400."

ಹತ್ತು ನಿಮಿಷದಲ್ಲಿ ಹದಿನಾಲ್ಕು ಮಂದಿ ಹೆಬ್ಬೆಟ್ಟು ಒತ್ತಿದ್ರು. ಒಬ್ಬಳು ಮಾತ್ರ ಕೇಳಿದ್ಳು, "ಕೇಸ್ ಆಗಂಗಿಲ್ಲೇನು?" ಅದಕ್ಕೆ ಬಂದ ಉತ್ತರ: "ನಾವು ಬ್ಯಾಡರು. ಬ್ಯಾಟಿ ನಮ್ಮ ರಕ್ತದಾಗ ಅದ." ಅದರ ಕೆಳಗೆ ಇನ್ನೊಬ್ಬ ನಗೋ ಇಮೋಜಿ ಹಾಕಿ ಬರೆದ: "ಅದಕ್ಕ ನಿಮಗ ಕಾಡು ಮಂದಿ ಅಂತಾರ."

ಗ್ರೂಪ್ ಸುಮ್ಮನಾಯ್ತು. ನಾನು ಏನೋ ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಮಾಡಿದೆ, ಮತ್ತೆ ಅಳಿಸಿದೆ. ಯಾಕಂದ್ರೆ ನಮ್ಮ ಮನೀನೂ ನಾಯಕರ ಮನಿ. ಆ ಎರಡೂ ಮೆಸೇಜ್ ನನಗೇ ಬಡಿದಂಗಾಯ್ತು. ಒಬ್ಬ ಗೊತ್ತಿಲ್ಲದ ಇತಿಹಾಸಕ್ಕೆ ಹೆಮ್ಮೆ ಪಡ್ತಾನೆ, ಇನ್ನೊಬ್ಬ ಗೊತ್ತಿಲ್ಲದ ಇತಿಹಾಸಕ್ಕೆ ನಮ್ಮನ್ನ ನಾಚಿಸ್ತಾನೆ. ಇಬ್ಬರೂ ಪುಸ್ತಕ ತೆರೆದು ನೋಡಿಲ್ಲ. ಖರೇ ಹೇಳಬೇಕಂದ್ರೆ, ಅವತ್ತಿನವರೆಗೆ ನಾನೂ ನೋಡಿರಲಿಲ್ಲ.

ನಾನು ಓದೋದು ಬಿಕಾಂ. ಇತಿಹಾಸ ನನ್ನ ಸಬ್ಜೆಕ್ಟ್ ಅಲ್ಲ. ಆದ್ರೆ ನಮಗೆ ಒಂದು ಕೆಲಸ ಚಲೋ ಕಲಿಸ್ಯಾರೆ: ಯಾರಾದ್ರೂ "ಇದು ನಮ್ಮ ಆಸ್ತಿ" ಅಂದ್ರೆ ಮೊದಲು ಲೆಡ್ಜರ್ ತೆಗೆದು ನೋಡು. ನಮಗೆ ಬಂದದ್ದೇನು, ಹೋದದ್ದೇನು, ನಮ್ಮದಲ್ಲದ್ದೇನು.

ಮೂರು ವಾರ ಓದಿದೆ, ಮುತ್ಯಾನ ಹತ್ತಿರ ಕೂತು ಕೇಳಿದೆ, ಕೊನೆಗೆ ನಮ್ಮ ಮಾಳಿಗೆ ಮೇಲೆ ಕೆಂಡ ಮಾಡಿ ಕೈ ಸುಟ್ಟುಕೊಂಡೂ ನೋಡಿದೆ. ಬೇಟೆಯ ಖಂಡಕ್ಕೆ ಮಸಾಲಿ ಹಚ್ಚಿ ಸುಡೋದರ ಇತಿಹಾಸ, ನಮ್ಮ ಜಿಲ್ಲೆಯಿಂದಲೇ ಶುರು. ಒಂಬತ್ತು ಭಾಗ ಅದ, ಪುರುಸೊತ್ತು ಮಾಡ್ಕೊಂಡು ಓದ್ರಿ.

ಭಾಗ 2/9
(ಫೋಟೋ: ಹುಣಸಗಿ ಕಡೆಯ ಸುಣ್ಣಕಲ್ಲಿನ ಹೊಲ. ಬಸ್ಸಿನ ಕಿಟಕಿಯಿಂದ ತೆಗೆದದ್ದು, ಅಲುಗಾಡಿದೆ, ಕ್ಷಮಿಸಿ.)

ಹುಣಸಗಿ ಹತ್ತಿರ ಇಸಾಂಪುರ ಅಂತ ಒಂದು ಹಳ್ಳಿ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಮತ್ತು ಅವರ ತಂಡ ಅಲ್ಲಿ ಅಗೆದಾಗ ಸಿಕ್ಕಿದ್ದು ಕಲ್ಲಿನ ಕಾರ್ಖಾನೆ. ಹಳೆ ಶಿಲಾಯುಗದ ಮನುಷ್ಯರು ಅಲ್ಲೇ ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ, ಅಲ್ಲೇ ಒಡೆದು ಕೈಗೊಡಲಿ ಮಾಡ್ತಿದ್ರು. ಜೊತೆಗೆ ಸಿಕ್ಕ ಪ್ರಾಣಿಗಳ ಹಲ್ಲಿನ ಚೂರುಗಳನ್ನ ಪರೀಕ್ಷೆ ಮಾಡಿದಾಗ ಬಂದ ಕಾಲ ಸುಮಾರು 12 ಲಕ್ಷ ವರ್ಷದ ಹಿಂದಿನದು. ಭಾರತದಲ್ಲಿ ಮನುಷ್ಯ ಇದ್ದ ಅತಿ ಹಳೆಯ ಗುರುತುಗಳ ಪಟ್ಟಿ ಮಾಡಿದ್ರೆ ನಮ್ಮ ಹುಣಸಗಿ ಕಣಿವೆ ಅದರಲ್ಲಿ ಇರಲೇಬೇಕು.

ಅದು ಬಿಟ್ಟು ಮುಂದೆ ಬರೋಣ. ಸುರಪುರ ಸೀಮೆಯ ಬೂದಿಹಾಳ. ಊರ ಹೆಸರಲ್ಲೇ ಬೂದಿ ಅದ, ನೋಡ್ರಿ. ಅಲ್ಲಿರೋದು ಬೂದಿದಿಬ್ಬ. ಹೊಸ ಶಿಲಾಯುಗದ ದನಗಾಹಿಗಳು ಸಗಣಿ ಗುಡ್ಡೆ ಹಾಕಿ, ಮತ್ತೆ ಮತ್ತೆ ಸುಟ್ಟು ಆದ ದಿಬ್ಬ. ಕಾಲ ಸುಮಾರು 4,000 ವರ್ಷದ ಹಿಂದೆ. ಪದ್ದಯ್ಯನವರು 1990ರ ದಶಕದಲ್ಲಿ ಅಲ್ಲಿ ಅಗೆದಾಗ, ದಿಬ್ಬದ ಹತ್ತಿರ ಪ್ರಾಣಿ ಕಡಿಯೋದಕ್ಕೆ ಅಂತಲೇ ಇದ್ದ ಒಂದು ಜಾಗ ಸಿಕ್ತು. ಎಲುಬಿನ ರಾಶಿ, ಅದರ ನಡುವೆ ಕಲ್ಲಿನ ಚಾಕುಗಳು. ಎಲುಬು ಹೆಚ್ಚಿನವು ದನದ್ದು, ಜೊತೆಗೆ ಕುರಿ ಆಡು.

ಇದನ್ನ ಯಾಕೆ ಹೇಳಿದೆ ಅಂದ್ರೆ, ಎರಡು ಮಾತು. ಒಂದು, ಈ ನೆಲದ ಮೇಲೆ ಖಂಡ ಕೊಯ್ದದ್ದು, ತಿಂದದ್ದು ಯಾವುದೋ ಒಂದು ಜಾತಿಯ ಚಟ ಅಲ್ಲ. ಜಾತಿ ಅನ್ನೋ ಶಬ್ದ ಹುಟ್ಟೋಕಿಂತ ಎಷ್ಟೋ ಮೊದಲಿನ ಕಥೆ ಅದು. "ಕಾಡು ಮಂದಿ" ಅಂದವನ ಮುತ್ಯಾನ ಮುತ್ಯಾನ ಮುತ್ಯಾನೂ ಅದೇ ಸಾಲಿನಲ್ಲಿ ಕೂತು ಉಂಡಿರ್ತಾನೆ.

ಎರಡನೇದು, 4,000 ವರ್ಷದ ಹಿಂದೆಯೇ ಈ ಸೀಮೆಯ ಮಂದಿ ಹೆಚ್ಚಾಗಿ ತಿಂದದ್ದು ಸಾಕಿದ ಪ್ರಾಣಿಯ ಖಂಡ. ಬೇಟೆ ಆಗಲೇ ಪಕ್ಕಕ್ಕೆ ಸರಿದಿತ್ತು. "ಬ್ಯಾಟಿ ಇಲ್ಲದಿದ್ರ ನಮ್ಮ ಊಟ ಇಲ್ಲ" ಅನ್ನೋದು ಆವಾಗಲೇ ಸುಳ್ಳಾಗಿತ್ತು.

ಭಾಗ 3/9
(ಫೋಟೋ: ಲೈಬ್ರರಿಯಲ್ಲಿ ನನ್ನ ನೋಟ್ಸ್. ಅಕ್ಷರ ನೋಡಿ ನಗಬ್ಯಾಡ್ರಿ.)

ಈಗ ಕಲ್ಯಾಣಕ್ಕೆ ಹೋಗೋಣ. ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. 12ನೇ ಶತಮಾನದಲ್ಲಿ ಅದು ಚಾಲುಕ್ಯರ ರಾಜಧಾನಿ, ನಮ್ಮ ಸೀಮೆನೂ ಅವರ ಕೈಯಲ್ಲೇ ಇತ್ತು. ಆರನೇ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ ಸುಮಾರು 1129ರಲ್ಲಿ 'ಮಾನಸೋಲ್ಲಾಸ' ಅಂತ ಸಂಸ್ಕೃತದಲ್ಲಿ ಒಂದು ದೊಡ್ಡ ಗ್ರಂಥ ಬರೆದ. ರಾಜ್ಯ ಆಳೋದು ಹ್ಯಾಂಗ, ಆನೆ ಹಿಡಿಯೋದು ಹ್ಯಾಂಗ, ಚಿತ್ರ ಬರೆಯೋದು ಹ್ಯಾಂಗ, ಸಂಗೀತ, ಆಟ, ಎಲ್ಲ ಅದರಲ್ಲಿದೆ. ಅದರಲ್ಲೇ ಊಟದ ಅಧ್ಯಾಯ, ಅದರಲ್ಲೇ ಬೇಟೆಯ ಅಧ್ಯಾಯ.

ಆ ಅಡುಗೆಯ ಪಟ್ಟಿ ಓದಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಹಂದಿಯ ಮೈಮೇಲೆ ಬಿಳಿ ಬಟ್ಟೆ ಹೊದಿಸಿ ಕುದಿಯೋ ನೀರು ಸುರಿದು ಕೂದಲು ತೆಗೆಯೋದು. ಅದು ಬೇಡ ಅಂದ್ರೆ ಮಣ್ಣು ಮೆತ್ತಿ ಹುಲ್ಲಿನ ಬೆಂಕಿಯಲ್ಲಿ ಸುಡೋದು. ಆಮೇಲೆ ತೊಳೆದು, ಮತ್ತೆ ಬೆಂಕಿಗೆ ಹಿಡಿದು, ತುಂಡು ಮಾಡೋದು. ಅದಕ್ಕೆ 'ಸುಂಠಕ' ಅಂತ ಹೆಸರು. ಖಂಡವನ್ನ ತಾಳೆಗರಿ ಹಂಗೆ ಉದ್ದುದ್ದ ಪಟ್ಟಿ ಕೊಯ್ದು ಮಸಾಲೆ ಮೊಸರಿನಲ್ಲಿ ಹಾಕೋದೂ ಅದರಲ್ಲಿದೆ.

ಇನ್ನೊಂದು 'ಭಡಿತ್ರಕ'. ಖಂಡದ ತುಂಡಿಗೆ ತೂತು ಮಾಡಿ, ಆ ತೂತಿಗೆ ಮಸಾಲಿ ತುಂಬಿ, ಸಳಿಗೆ ಪೋಣಿಸಿ ಕೆಂಡದ ಮೇಲೆ ಸುಡೋದು. ಓದ್ತಾ ಹೋದಂಗ ನನಗೆ ನಮ್ಮ ಬಸ್ ಸ್ಟ್ಯಾಂಡ್ ಹತ್ತಿರದ ಸೀಕ್ ಅಂಗಡಿನೇ ಕಣ್ಣ ಮುಂದೆ ಬಂತು. 900 ವರ್ಷದ ಹಿಂದಿನ ಮಾತು ಇದು.

ಇಷ್ಟಕ್ಕೇ ನಿಲ್ಲಂಗಿಲ್ಲ. ಕರುಳಿನೊಳಗೆ ತುಂಬಿ ಸುಡೋ 'ಮಂಡಲೀಯ'. ಕೆಂಡದ ಮೇಲೆ ಸುಟ್ಟ ಯಕೃತ್ತನ್ನ ಅಡಿಕೆ ಹೋಳಿನಷ್ಟು ಕೊಯ್ದು, ಎಣ್ಣೆಯಲ್ಲಿ ಮಸಾಲೆ ಜೊತೆ ಕರಿದು, ಮೊಸರಿಗೆ ಹಾಕೋದು. ಆಮೆ, ಏಡಿ. ಅಷ್ಟೇ ಅಲ್ಲ, ಹೊಳೆದಂಡೆಯ ಹೊಲದ ಇಲಿನೂ ಅದೇ ಅರಮನೆ ಪಟ್ಟಿಯಲ್ಲಿದೆ. ಕಬ್ಬಿಣದ ಸಳಿಗೆ ಚುಚ್ಚಿ ಕೆಂಡದ ಮೇಲೆ ಹೊರಗಿನ ತೊಗಲು ಸುಡೋವರೆಗೆ ಹಿಡಿಯೋದು ಅಂತ.

ಈಗ ಹೇಳ್ರಿ. ಹೊಲದಲ್ಲಿ ಇಲಿ ಹಿಡಿದು ಸುಡೋ ಬಡವನಿಗೆ ನಾವು ಮೂಗು ಮುಚ್ಚಿಕೊಂಡು ಒಂದು ಹೆಸರಿಡ್ತೀವಿ. ಅದೇ ಅಡುಗೆ ಚಕ್ರವರ್ತಿ ಬರೆದಾಗ ಅದಕ್ಕೆ ಶಾಸ್ತ್ರ ಅಂತೀವಿ. ಅಡುಗೆ ಅದೇ, ತಿಂದವನು ಯಾರು ಅನ್ನೋದಷ್ಟೇ ಬೇರೆ. ನಾಚಿಕೆ ಅನ್ನೋದು ತಟ್ಟೆಯಿಂದ ಹುಟ್ಟಿದ್ದಲ್ಲ, ತಟ್ಟೆ ನೋಡಿದವನ ಕಣ್ಣಿಂದ ಹುಟ್ಟಿದ್ದು.

ಭಾಗ 4/9
(ಫೋಟೋ: ಇಂಗು, ಜೀರಗಿ, ಮೆಣಸು, ಹಸಿಶುಂಠಿ, ನಿಂಬಿಹಣ್ಣು. ಏನಿಲ್ಲ ಅಂತ ಹುಡುಕ್ರಿ.)

ಹುಡುಕಿದ್ರೇನು? ಖಾರದಪುಡಿ ಇಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಸೋಮೇಶ್ವರ ಬ್ಯಾಡಗಿ ಮೆಣಸಿನಕಾಯಿ ನೋಡೇ ಇಲ್ಲ, ಟೊಮೆಟೊನೂ ಇಲ್ಲ. ಅವನ ಅಡುಗೆಮನೆಯ ಖಾರ ಅಂದ್ರೆ ಮೆಣಸು, ಶುಂಠಿ, ಸಾಸಿವೆ. ವಾಸನೆಗೆ ಇಂಗಿನ ನೀರು. ಹುಳಿಗೆ ನಿಂಬೆ ಜಾತಿಯ ಹಣ್ಣು, ನೆಲ್ಲಿಕಾಯಿ, ಮೊಸರು.

ಇದೆಲ್ಲ ಬರೀ ರುಚಿಗಲ್ಲ. ಕಾಡುಪ್ರಾಣಿ ದಿನವಿಡೀ ಓಡುತ್ತೆ. ಅದರ ಸ್ನಾಯು ಬಿಗಿ, ಒಳಗೆ ಕೊಬ್ಬು ಕಡಿಮೆ. ಕೊಬ್ಬಿಲ್ಲದ ಖಂಡ ಕೆಂಡಕ್ಕಿಟ್ಟರೆ ಬೇಗ ಒಣಗಿ ಚಕ್ಕಳ ಆಗುತ್ತೆ. ಅದಕ್ಕೇ ಉಪ್ಪು ಹಚ್ಚಿ ಇಡೋದು. ಉಪ್ಪು ನಿಧಾನಕ್ಕೆ ಒಳಗಿಳಿದು ಖಂಡದ ನೀರು ಹಿಡಿದಿಡುತ್ತೆ. ಹುಳಿ ಮಾತ್ರ ಮೇಲ್ಮೈಯನ್ನಷ್ಟೇ ಮೆತ್ತಗೆ ಮಾಡುತ್ತೆ, ಒಳಗೆ ಹೋಗಂಗಿಲ್ಲ. ಹೆಚ್ಚು ಹೊತ್ತು ಬಿಟ್ಟರೆ ಮೇಲ್ಭಾಗ ಹಿಟ್ಟು ಹಿಟ್ಟಾಗುತ್ತೆ. ಹಸಿಶುಂಠಿಯಲ್ಲಿ ಖಂಡದ ನಾರು ಕರಗಿಸೋ ಗುಣ ಇದೆ. ಸುಡುವಾಗ ತುಪ್ಪನೋ ಎಣ್ಣೆನೋ ಸವರೋದು ಒಳಗಿಲ್ಲದ ಕೊಬ್ಬನ್ನ ಹೊರಗಿಂದ ಕೊಡೋದಕ್ಕೆ.

"ಬ್ಯಾಟಿ ಖಂಡದ ರುಚಿನೇ ಬ್ಯಾರೆ" ಅಂತಾರಲ್ಲ, ಅದಕ್ಕೂ ಒಂದು ಲೆಕ್ಕ ಅದ. ಉರುಳಿಗೆ ಬಿದ್ದು ರಾತ್ರಿಯಿಡೀ ಒದ್ದಾಡಿ ಸತ್ತ ಪ್ರಾಣಿಯ ಸ್ನಾಯುವಿನಲ್ಲಿ ಶಕ್ತಿಯ ಸಕ್ಕರೆ ಪೂರ್ತಿ ಖರ್ಚಾಗಿರುತ್ತೆ. ಸತ್ತ ಮೇಲೆ ಆಗಬೇಕಾದ ಹುಳಿ ಆಗಂಗಿಲ್ಲ. ಖಂಡ ಕಪ್ಪಗೆ, ಗಟ್ಟಿಯಾಗಿ ಉಳಿಯುತ್ತೆ, ಬೇಗ ಕೆಡುತ್ತೆ. ಇವತ್ತು ಕದ್ದು ಮಾರೋ ಖಂಡದ ಕಥೆ ಹೆಚ್ಚಾಗಿ ಇದೇ. ಅದನ್ನ ಯಾವ ವೈದ್ಯರೂ ನೋಡಿರಂಗಿಲ್ಲ. ಕಾಡಹಂದಿ ಖಂಡದಲ್ಲಿ ಹುಳದ ಮರಿ ಇರಬಹುದು. ನಿಂಬೆರಸ, ಇಂಗು, ಖಾರ ಯಾವುದೂ ಅದನ್ನ ಸಾಯಿಸಂಗಿಲ್ಲ. ಒಳಗಿನವರೆಗೆ 71 ಡಿಗ್ರಿ ಬಿಸಿ ಮುಟ್ಟಬೇಕು. ಮೇಲೆ ಕಪ್ಪಗೆ, ಒಳಗೆ ಕೆಂಪಗೆ ಸುಟ್ಟು ರೀಲ್ ಮಾಡೋರಿಗೆ ಇದು ಗೊತ್ತಿರಲಿ.

ಭಾಗ 5/9
(ಫೋಟೋ: ನಮ್ಮ ಓಣಿಯ ಶಿವನ ಗುಡಿ. ಹೊರಗಿಂದ.)

ಬೇಟೆ ಖಂಡ ಸುಟ್ಟು, ರುಚಿ ನೋಡಿ, ದೇವರಿಗೇ ಉಣಿಸಿದವನ ಕಥೆ ನಮಗೆಲ್ಲ ಗೊತ್ತು. ಬೇಡರ ಕಣ್ಣಪ್ಪ. ಹರಿಹರ ಕವಿ ಅವನ ಮೇಲೆ ರಗಳೆಯನ್ನೇ ಬರೆದ. 1954ರಲ್ಲಿ ರಾಜಕುಮಾರ್ ನಾಯಕನಾಗಿ ಬಂದ ಸಿನಿಮಾನೂ ಅದೇ, 'ಬೇಡರ ಕಣ್ಣಪ್ಪ'. ನಮ್ಮ ಮನೆಯಲ್ಲಿ ಆ ಸಿನಿಮಾ ಹಾಕಿದ್ರೆ ಮುತ್ಯಾ ಇವತ್ತಿಗೂ ಕಣ್ಣೊರೆಸಿಕೊಳ್ತಾನೆ.

ಕಥೆ ನೆನಪು ಮಾಡ್ಕೊಳ್ರಿ. ಕಣ್ಣಪ್ಪನಿಗೆ ಮಂತ್ರ ಗೊತ್ತಿಲ್ಲ. ಗೊತ್ತಿರೋದು ಒಂದೇ: ಖಂಡ ಸುಡೋದು. ಬೆಂದಿದೆಯೋ, ಮೆತ್ತಗಿದೆಯೋ ಅಂತ ತಾನೇ ಕಚ್ಚಿ ನೋಡಿ, ಚಲೋ ತುಂಡನ್ನ ಆರಿಸಿ ಲಿಂಗದ ಮುಂದೆ ಇಡ್ತಾನೆ. ಪೂಜಾರಿಗೆ ಅದು ಎಂಜಲು, ಹೊಲಸು. ಶಿವನಿಗೆ ಅದೇ ನೈವೇದ್ಯ. ಅಡುಗೆ ಮಾಡೋರಿಗೆ ಇದು ಅರ್ಥ ಆಗುತ್ತೆ. ರುಚಿ ನೋಡದೆ ಪ್ರೀತಿಯವರಿಗೆ ಬಡಿಸೋರು ಯಾರು?

ಆದ್ರೆ ಕಥೆಯ ಅರ್ಧಕ್ಕೇ ನಿಲ್ಲಿಸಬ್ಯಾಡ್ರಿ. ಕಣ್ಣಪ್ಪ ದೊಡ್ಡವನಾಗಿದ್ದು ಹಂದಿ ಹೊಡೆದದ್ದಕ್ಕಲ್ಲ. ದೇವರ ಕಣ್ಣಲ್ಲಿ ನೆತ್ತರು ಬಂದಾಗ ತನ್ನ ಕಣ್ಣು ಕಿತ್ತು ಇಟ್ಟದ್ದಕ್ಕೆ. ಕೊಡೋದಕ್ಕೆ ಕಲಿತದ್ದಕ್ಕೆ.

ಇನ್ನೊಂದು ಮಾತು. ಸೋಮೇಶ್ವರನ ಅಡುಗೆಮನೆ ಇದ್ದ ಅದೇ ಕಲ್ಯಾಣದಲ್ಲಿ ಮೂವತ್ತು ನಲವತ್ತು ವರ್ಷದೊಳಗೆ ಬಸವಣ್ಣ ಮತ್ತು ಶರಣರು ಜೀವದಯೆಯ ಮಾತು ಆಡಿದ್ರು. ಅದೇ ಊರು, ಅದೇ ನೀರು. ಅಂದ್ರೆ ನಮ್ಮ ಸೀಮೆಯ ಇತಿಹಾಸ ಒಂದೇ ಬಣ್ಣದ್ದಲ್ಲ. ಕೆಂಡನೂ ನಮ್ಮದು, ಕರುಣೆನೂ ನಮ್ಮದು. ಒಂದನ್ನ ತೋರಿಸಿ ಇನ್ನೊಂದನ್ನ ಮುಚ್ಚಿಟ್ಟರೆ, ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಅದು ತಪ್ಪು ಲೆಕ್ಕಪತ್ರ.

ಭಾಗ 6/9
(ಫೋಟೋ: ಸುರಪುರ, ಗುಡ್ಡದ ಮೇಲಿನ ಟೇಲರ್ ಮಂಜಿಲ್.)

ಈಗ ನಮ್ಮ ಮನೆ ಕಥೆ. ಸುರಪುರದ ನಾಯಕರು ಬೇಡ ಮನೆತನದ ಅರಸರು. ಬೇಟೆಯಲ್ಲಿ ಪಳಗಿದ ಕೈ ಯುದ್ಧಕ್ಕೂ ಪಳಗುತ್ತೆ. ಗುರಿ ತಪ್ಪದ ಬಂದೂಕಿಗೆ ಬೇಡರ ಪಡೆ ದಖ್ಖನ್ನಿನಲ್ಲೆಲ್ಲ ಹೆಸರಾಗಿತ್ತು. 1705ರಲ್ಲಿ ಔರಂಗಜೇಬ ತಾನೇ ಬಂದು ವಾಗಿನಗೇರಾ ಕೋಟೆಗೆ ಮುತ್ತಿಗೆ ಹಾಕಬೇಕಾಯ್ತು. ಕೋಟೆ ಸಿಕ್ತು, ಪಿಡ್ಡ ನಾಯಕ ಸಿಗಲಿಲ್ಲ. ಆ ಬಾದಶಹನ ಕೊನೆಯ ಮುತ್ತಿಗೆ ಅದು. 1707ರಲ್ಲಿ ಅವನು ತೀರಿಕೊಂಡ.

1841ರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಸುರಪುರಕ್ಕೆ ಬಂದ. 1853ರವರೆಗೆ ಇದ್ದ. ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನಡೆಸಿದ. ಅವನ ಆತ್ಮಕಥೆಯಲ್ಲಿ ನಮ್ಮ ಸುರಪುರದ ಪುಟಗಳು ಬಹಳ ಇವೆ. ಹುಡುಗ ದೊಡ್ಡವನಾದ, ಅಧಿಕಾರ ಕೈಗೆ ಬಂತು, 1858ರ ಫೆಬ್ರುವರಿಯಲ್ಲಿ ಬ್ರಿಟಿಷರ ವಿರುದ್ಧ ಎದ್ದ. ಸೋತ. ಹೈದರಾಬಾದಿನಲ್ಲಿ ಹಿಡಿದ್ರು. ಅದೇ ವರ್ಷ ಬಂಧನದಲ್ಲಿದ್ದಾಗಲೇ ಗುಂಡೇಟಿನಿಂದ ತೀರಿಕೊಂಡ. 1860ರಲ್ಲಿ ಬ್ರಿಟಿಷರು ಸುರಪುರವನ್ನ ನಿಜಾಮನಿಗೆ ಕೊಟ್ಟುಬಿಟ್ರು.

ಅದಕ್ಕೆ ಸ್ವಲ್ಪ ಮೊದಲು, 1857ರ ನವೆಂಬರಿನಲ್ಲಿ, ಮುಧೋಳ ಸೀಮೆಯ ಹಲಗಲಿಯಲ್ಲಿ ಇನ್ನೊಂದು ನಡೀತು. ಅನುಮತಿ ಇಲ್ಲದ ಆಯುಧ ಎಲ್ಲ ಒಪ್ಪಿಸಿ ಅಂತ ಸರ್ಕಾರ ಕಾಯ್ದೆ ತಂತು. ಹಲಗಲಿಯ ಬೇಡರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನ ನೇಣಿಗೆ ಹಾಕಿದ್ರು. ಲಾವಣಿಗಳು ಇವತ್ತಿಗೂ ಅದನ್ನ ಹಾಡ್ತಾವೆ.

ನಾವು ಇದನ್ನ ಶಾಲೆಯಲ್ಲಿ ಸ್ವಾತಂತ್ರ್ಯ ಹೋರಾಟ ಅಂತ ಓದಿ ಎರಡು ಅಂಕ ತಗೊಂಡ್ವಿ. ಸ್ವಲ್ಪ ನಿಂತು ಯೋಚಿಸ್ರಿ. ಹಲಗಲಿಯವರಿಗೆ ಆ ಆಯುಧ ಏನಾಗಿತ್ತು? ಅನ್ನದ ಸಾಧನ, ಚಾಕರಿಯ ಸಾಧನ, ಮರ್ಯಾದೆ. ಅದನ್ನ ಕಸಿದಾಗ ಅವರು ಕಳಕೊಂಡದ್ದು ಒಂದು ಜೀವನ. ಅದಕ್ಕೆ ಜೀವ ಕೊಟ್ರು. ತಲಿಗೆ 400 ಕೊಟ್ಟು ಉರುಳಿನ ಮೊಲ ತಿಂದು "ರಕ್ತದಾಗ ಅದ" ಅನ್ನೋದು ಅವರ ಹೆಸರಿಗೆ ನಾವು ಕೊಡೋ ಗೌರವನಾ?

ಭಾಗ 7/9
(ಫೋಟೋ: ಮುತ್ಯಾನ ಕೈ. ಮುಖ ಬ್ಯಾಡ ಅಂದಾನ.)

ಮುತ್ಯಾಗೆ ಕೇಳಿದೆ. "ಮುತ್ಯಾ, ನೀ ಬ್ಯಾಟಿ ಆಡೀದಿ?"

"ಹುಡುಗ ಇದ್ದಾಗ ನಮ್ಮಪ್ಪನ ಹಿಂದ ಹೋಗೀನಿ. ನಾಯಿ ಹಿಡಕೊಳ್ಳೋದು ನನ್ನ ಕೆಲಸ ಇತ್ತು."

"ಖಂಡ ಹ್ಯಾಂಗ ಮಾಡ್ತಿದ್ರಿ?"

ಮುತ್ಯಾ ನಕ್ಕ. "ಮನಿಗೆ ಬರೋತನ ಯಾರು ಕಾಯ್ತಾರ? ಹಳ್ಳದ ದಂಡ್ಯಾಗ ಉಪ್ಪು, ಅರಿಷಿಣ, ಅರದ ಬಳ್ಳೊಳ್ಳಿ, ಹಸಿ ಹುಣಸಿಕಾಯಿ ಜಜ್ಜಿ ಹಚ್ಚೋದು. ಕೆಂಡದ ಮ್ಯಾಲ ಇಡೋದು. ರೊಟ್ಟಿ ಬುತ್ತಿ ಇರ್ತಿತ್ತು. ಉಳಿದದ್ದು ಮನಿಗೆ ತಂದು ಪಾಲು."

ಆ 'ಪಾಲು' ಅನ್ನೋ ಶಬ್ದದ ಮೇಲೆ ನಾನು ಮತ್ತೆ ಮತ್ತೆ ಕೇಳಿದೆ. ಹೋದ ಪ್ರತಿ ಮನೆಗೆ ಒಂದು ಪಾಲು. ನಾಯಿ ಸಾಕಿದವನಿಗೆ ಒಂದು. ಆ ದಿನ ಬರಲಾಗದ ಮುದುಕರ ಮನೆಗೆ, ಗಂಡ ಸತ್ತವಳ ಮನೆಗೆ ಒಂದು. ಹೊಡೆದವನಿಗೆ ಹೆಚ್ಚು ಅಂದ್ರೆ ತಲೆನೋ ತೊಡೆನೋ. ಮಾರೋ ಮಾತೇ ಇರಲಿಲ್ಲ. "ಮಾರಿದ್ರ ಮಂದಿ ಉಗೀತಿದ್ರು," ಅಂದ.

"ಮತ್ತ ಏನೇನು ಹೊಡೀತಿರಲಿಲ್ಲ?"

"ಬಸರಿದ್ದದ್ದು ಹೊಡೀತಿರಲಿಲ್ಲ. ಮರಿ ಸಂಗಾಟ ಇದ್ದದ್ದು ಹೊಡೀತಿರಲಿಲ್ಲ. ನೀರು ಕುಡೀಲಿಕ್ಕ ಬಂದದ್ದು ಹೊಡೀತಿರಲಿಲ್ಲ. ನೀರಿಗೆ ಬಂದದ್ದು ನಂಬಿ ಬಂದಿರ್ತದ."

ಈ ನಿಯಮ ಎಲ್ಲ ಕಡೆ, ಎಲ್ಲರೂ ಪಾಲಿಸ್ತಿದ್ರು ಅಂತ ನಾನು ಹೇಳಂಗಿಲ್ಲ. ಇದು ನಮ್ಮ ಮುತ್ಯಾನ ಮಾತು, ವಯಸ್ಸಾದವರು ಹಳೇದನ್ನ ಸ್ವಲ್ಪ ಚಂದ ಮಾಡಿಯೇ ಹೇಳ್ತಾರೆ. ಆದ್ರೆ ಅವನ ನೆನಪಿನಲ್ಲಿ ಉಳಿದದ್ದು ನೋಡ್ರಿ. ಎಷ್ಟು ಹೊಡೆದ್ವಿ ಅನ್ನೋದು ಅವನಿಗೆ ನೆನಪಿಲ್ಲ. ಏನು ಹೊಡೀಲಿಲ್ಲ ಅನ್ನೋದು ಇಂದಿಗೂ ಬಾಯಿಪಾಠ ಅದ.

"ಈಗ ಯಾಕ ಹೋಗಂಗಿಲ್ಲ?" ಅಂತ ಕೇಳಿದೆ. ಮುತ್ಯಾ ಬಾಗಿಲ ಕಡೆ ಕೈ ಮಾಡಿದ. ಹೊರಗೆ ಕಾಲುವೆ ನೀರಿನ ಭತ್ತದ ಗದ್ದೆ, ಹತ್ತಿ ಹೊಲ, ಪ್ಲಾಟು. "ಎಲ್ಲಿ ಅವ? ಹೋಗಾಕ ಅಡವಿ ಎಲ್ಲಿ ಅದ?"

ಭಾಗ 8/9
(ಫೋಟೋ: ಬೋನಾಳ ಕೆರೆ, ಬೆಳಿಗ್ಗೆ. ಚುಕ್ಕಿ ಹಂಗ ಕಾಣೋದು ಹಕ್ಕಿ, ಧೂಳಲ್ಲ.)

ಎಲ್ಲಿ ಹೋದವು? ತಪ್ಪು ಲೆಕ್ಕ ಬರೆಯೋದು ಸುಲಭ: "ಬ್ಯಾಡರು ಹೊಡೆದು ಖಾಲಿ ಮಾಡಿದ್ರು." ದಾಖಲೆ ಬೇರೆ ಹೇಳುತ್ತೆ.

ದಖ್ಖನ್ನಿನ ಬಯಲಿನಲ್ಲಿ ಎರೆಭೂತ ಅಂತ ಒಂದು ದೊಡ್ಡ ಹಕ್ಕಿ ಇತ್ತು. ಅದರ ಖಂಡಕ್ಕೆ, ಶಿಕಾರಿಯ ಹೆಮ್ಮೆಗೆ ಗೋರಾ ಸಾಹೇಬರು ಬೆನ್ನು ಹತ್ತಿದ್ರು. ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಅನ್ನೋ ಒಬ್ಬನೇ ಮನುಷ್ಯ 1809ರಿಂದ 1829ರೊಳಗೆ ಅಹ್ಮದ್‌ನಗರ ಸೀಮೆಯಲ್ಲಿ ಹೊಡೆದದ್ದು 961. ಒಬ್ಬನೇ! ಇವತ್ತು ಇಡೀ ಜಗತ್ತಿನ ಕಾಡಿನಲ್ಲಿ ಉಳಿದ ಎರೆಭೂತ ಸುಮಾರು 150. ಕರ್ನಾಟಕದಲ್ಲಿ ಅದರ ಕೊನೆಯ ನೆಲೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆಯ ಬಯಲು.

ನಮ್ಮನ್ನ ಆಳಿದ ಹೈದರಾಬಾದಿನಲ್ಲೂ ಶಿಕಾರಿ ಅಂದ್ರೆ ದರ್ಬಾರಿನ ಶೋಕಿ. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಹುಲಿ ಬೇಟೆಗೆ ಹೆಸರಾದವನು. ಕಾದ ಕಲ್ಲಿನ ಮೇಲೆ ಸುಡೋ 'ಪತ್ಥರ್ ಕಾ ಗೋಶ್ತ್' ಅವನ ಶಿಕಾರಿ ಬಿಡಾರದಲ್ಲಿ ಹುಟ್ಟಿತು ಅಂತ ಒಂದು ಕಥೆ ಹೇಳ್ತಾರೆ. ಸೀಕು ಮರೆತು ಬಂದಿದ್ರಂತೆ, ಕಲ್ಲು ಕಾಯಿಸಿದ್ರಂತೆ. ಕಥೆ ಇರಬಹುದು, ರುಚಿ ಮಾತ್ರ ಖರೇ. ಈಗ ಅದನ್ನ ಮಾಡೋದು ಆಡಿನ ಖಂಡದಲ್ಲಿ.

ಬಂದೂಕಿನ ಜೊತೆಗೆ ನೇಗಿಲು, ಕಾಲುವೆ, ರಸ್ತೆ ಬಂದವು. ಹುಲ್ಲುಗಾವಲು ಹೋಯ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಚಿಗರಿ, ಅಂದ್ರೆ ಕೃಷ್ಣಮೃಗ, ಮೊದಲನೇ ಪಟ್ಟಿಯಲ್ಲಿದೆ. ಹೊಡೆದರೆ 3ರಿಂದ 7 ವರ್ಷ ಜೈಲು. ಮೊಲ, ಕಾಡಹಂದಿ, ಕೌಜುಗಕ್ಕೂ ರಕ್ಷಣೆ ಇದೆ. ಹೊಡೆಯೋದಷ್ಟೇ ಅಲ್ಲ, ಖಂಡ ಕೊಳ್ಳೋದು, ಇಟ್ಟುಕೊಳ್ಳೋದೂ ಅಪರಾಧ. ಗ್ರೂಪಿನಲ್ಲಿ ತಲಿಗೆ 400 ಹಾಕಿದವನೂ ಅದರಲ್ಲಿ ಬರ್ತಾನೆ. ನಾಳೆ ನೌಕರಿಗೆ ಪೊಲೀಸ್ ವೆರಿಫಿಕೇಶನ್ ಇರುತ್ತೆ, ನೆನಪಿರಲಿ.

ಹಂದಿ ಬೆಳೆ ತಿಂದ ರೈತನ ಸಿಟ್ಟು ನನಗೆ ಗೊತ್ತು, ನಮ್ಮ ಶೇಂಗಾನೂ ಹೋಗ್ಯಾವ. ಅದಕ್ಕೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕೋ ದಾರಿ ಇದೆ. ಸಿಡಿಮದ್ದು, ಕರೆಂಟಿನ ತಂತಿ ದಾರಿಯಲ್ಲ. ಅವು ಹಂದಿ ಯಾವುದು, ಎತ್ತು ಯಾವುದು, ಮನುಷ್ಯ ಯಾವನು ಅಂತ ನೋಡಂಗಿಲ್ಲ.

ಸುರಪುರದವರೇ, ನಿಮ್ಮ ಬೋನಾಳ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರ್ತಾವೆ. ಮುತ್ಯಾನ ಮಾತು ಅಲ್ಲಿ ನೆನಪಾಯ್ತು. ನೀರಿಗೆ ಬಂದದ್ದು ನಂಬಿ ಬಂದಿರ್ತದ.

ಭಾಗ 9/9
(ಫೋಟೋ: ನಮ್ಮ ಮಾಳಿಗೆ. ಹೊಗೆ ಜಾಸ್ತಿ, ಖಂಡ ಕಡಿಮೆ.)

ಲೆಕ್ಕ ಮುಗಿಸೋಣ. ನಮಗೆ ಬಂದ ಆಸ್ತಿ ಏನು? ಪ್ರಾಣಿ ಅಲ್ಲ. ಪ್ರಾಣಿ ಯಾವತ್ತೂ ನಮ್ಮ ಹೆಸರಲ್ಲಿ ಇರಲಿಲ್ಲ. ಬಂದದ್ದು ಕೈಕೆಲಸ: ಉಪ್ಪಿನ ಹದ, ಹುಳಿಯ ಹದ, ಕೆಂಡದ ಹದ. ಅದರ ಜೊತೆಗೆ ಪಾಲು ಹಂಚೋ ಬುದ್ಧಿ, ಬಿಡೋ ಬುದ್ಧಿ. ಇದನ್ನ ಉಳಿಸಿಕೊಳ್ಳೋಕೆ ಒಂದು ಮೊಲನೂ ಸಾಯಬೇಕಿಲ್ಲ.

ಅದಕ್ಕೆ ನಾನು ಮಾರ್ಕೆಟಿನಿಂದ ಒಂದು ಕೆಜಿ ಆಡಿನ ತೊಡೆ ಖಂಡ ತಂದು ಭಡಿತ್ರಕ ಮಾಡಿದೆ. ಮೊದಲ ಸಲ ಪೂರ್ತಿ ಕೆಡಿಸಿದೆ. ರಾತ್ರಿಯೇ ನಿಂಬೆರಸ ಸುರಿದು ಇಟ್ಟಿದ್ದೆ. ಬೆಳಿಗ್ಗೆ ಮೇಲೆಲ್ಲ ಬೆಳ್ಳಗೆ ಹಿಟ್ಟು, ಒಳಗೆ ಚಕ್ಕಳ. ಉರಿ ಆರೋ ಮುಂಚೆ ಇಟ್ಟೆ, ಸುಟ್ಟು ಕರಿ ಆಯ್ತು. ಅವ್ವ ಬೈದ್ಳು, ನಾಯಿ ಮಾತ್ರ ಖುಷಿ ಆಯ್ತು.

ಎರಡನೇ ಸಲದ ಹದ ಬರ್ಕೊಳ್ರಿ. ಖಂಡ ಒಂದು ಇಂಚಿನ ತುಂಡು. ಒಂದು ಕೆಜಿಗೆ ಎರಡು ಚಮಚ ಉಪ್ಪು, ಎರಡು ಚಮಚ ಜಜ್ಜಿದ ಹಸಿಶುಂಠಿ, ಅರ್ಧ ಬಟ್ಟಲು ನೀರಲ್ಲಿ ಕರಗಿಸಿದ ಇಂಗು ಚಿಟಿಕೆ, ಒಂದು ಚಮಚ ಕುಟ್ಟಿದ ಮೆಣಸು, ಒಂದು ಚಮಚ ಹುರಿದ ಜೀರಗಿ ಪುಡಿ, ಎರಡು ದೊಡ್ಡ ಚಮಚ ಗಟ್ಟಿ ಮೊಸರು. ತುಂಡಿನ ನಡುವೆ ಚಾಕುವಿನಿಂದ ತೂತು ಮಾಡಿ ಮಸಾಲಿ ತುಂಬಿ. ನಾಲ್ಕೈದು ತಾಸು ಫ್ರಿಜ್‌ನಲ್ಲಿ ಇಡಿ. ನಿಂಬೆರಸ ಸುಡೋದಕ್ಕೆ ಅರ್ಧ ತಾಸು ಮುಂಚೆ ಮಾತ್ರ. ಜಾಲಿ ಇದ್ದಲಿಗೆ ಬೆಂಕಿ ಹಚ್ಚಿ, ಉರಿ ಆರಿ ಮೇಲೆ ಬಿಳಿ ಬೂದಿ ಬರೋವರೆಗೆ ಕಾಯಿರಿ. ಕಬ್ಬಿಣದ ಸಳಿಗೆ ಪೋಣಿಸಿ, ತಿರುವ್ತಾ ತಿರುವ್ತಾ, ಆಗಾಗ ತುಪ್ಪ ಸವರ್ತಾ ಸುಡಿ. ಸುಮಾರು ಕಾಲು ತಾಸು. ಒಂದು ತುಂಡು ಕೊಯ್ದು ನೋಡಿ, ಒಳಗೆ ಕೆಂಪು ಇರಬಾರದು. ಜೊತೆಗೆ ಜ್ವಾಳದ ರೊಟ್ಟಿ, ಉಳ್ಳಾಗಡ್ಡಿ.

ಖಾರದಪುಡಿ ಇಲ್ಲದ ಖಂಡ ತಿಂದು ಮುತ್ಯಾ ಐದು ನಿಮಿಷ ಮಾತಾಡಲಿಲ್ಲ. ಆಮೇಲೆ ಅಂದ, "ಹಳ್ಳದ ದಂಡಿ ನೆನಪಾತು." ಎದ್ದು ಹೋಗುವಾಗ ಎರಡು ತುಂಡು ರೊಟ್ಟಿಯಲ್ಲಿ ಸುತ್ತಿಕೊಂಡ. "ಯಾರಿಗೆ?" ಅಂದೆ. "ಪಕ್ಕದ ಮನಿ ಮುದುಕಿಗಿ. ಪಾಲು."

ಆಮೇಲೆ ಗ್ರೂಪಿಗೆ ಹೋಗಿ, ಅಳಿಸಿ ಅಳಿಸಿ ಇಟ್ಟಿದ್ದ ಮೆಸೇಜ್ ಹಾಕಿದೆ. "ರವಿವಾರ ಹೊಲಕ್ಕ ಬ್ಯಾಡ, ನಮ್ಮ ಮಾಳಿಗಿಗೆ ಬರ್ರಿ. ಆಡಿನ ಖಂಡ. ತಲಿಗೆ 150. ಬ್ಯಾಟಿ ರಕ್ತದಾಗ ಅದೋ ಇಲ್ಲೋ ಗೊತ್ತಿಲ್ಲ, ಕೆಂಡದ ಹದ ಅಂತೂ ಕೈಯಾಗ ಅದ."

ಹದಿನಾಲ್ಕರಲ್ಲಿ ಒಂಬತ್ತು ಮಂದಿ ಬಂದ್ರು. ಕೇಸಿನ ಬಗ್ಗೆ ಕೇಳಿದವಳು ನಿಂಬೆಹಣ್ಣು ತಂದ್ಳು. "ಕಾಡು ಮಂದಿ" ಅಂದವನೂ ಬಂದ, ಸುಮ್ಮನೆ ಬೀಸಣಿಗೆ ಹಿಡಿದು ಕೆಂಡ ಊದ್ತಾ ಕೂತ. ಹೋಗುವಾಗ "ತಪ್ಪಾತು" ಅಂದ, ನಾನು ರೊಟ್ಟಿ ಕೈಗಿಟ್ಟೆ. "ರಕ್ತದಾಗ ಅದ" ಅಂದವನು ಮಾತ್ರ ಬರಲಿಲ್ಲ. ಮೆಸೇಜ್ ನೋಡ್ಯಾನೆ, ಉತ್ತರ ಇಲ್ಲ. ಅವನ ಪಾಲು ತೆಗೆದಿಟ್ಟೀನಿ. ದೋಸ್ತ, ಇದನ್ನ ಓದಿದ್ರೆ ಮನಿಗೆ ಬಾ. ಬೈಯಂಗಿಲ್ಲ. ನಿನ್ನ ಮುತ್ಯಾ ಏನೇನು ಹೊಡೀತಿರಲಿಲ್ಲ ಅಂತ ಕೇಳ್ಕೊಂಡು ಬಾ, ಅಷ್ಟೇ.

ನಿಮ್ಮ ಮನೆಯಲ್ಲೂ ಮುತ್ಯಾ, ಅಮ್ಮ ಇದ್ರೆ ಅದೇ ಪ್ರಶ್ನೆ ಕೇಳ್ರಿ. ಅವರ ಉತ್ತರ ಕಮೆಂಟಿನಲ್ಲಿ ಹಾಕ್ರಿ, ನಾನು ಒಂದೊಂದೂ ಓದ್ತೀನಿ.

#ಯಾದಗಿರಿ #ಶಹಾಪುರ #ಸುರಪುರ #ನಮ್ಮಸೀಮೆಇತಿಹಾಸ #ಕೆಂಡದಹದ